ಸಂಜೀವಪ್ಪನವರು ಮಾಡಿದ ಪಾರ್ಟಿಶನ್

ಸರ್ವಜ್ಞನಗರದಲ್ಲಿ ವಾಸವಾಗಿರುವವರೆಲ್ಲ ಸರ್ವಜ್ಞರೇನಲ್ಲ. ಆದರೆ ಸಂಜೀವಪ್ಪನವರು ತಮ್ಮ ಬಡಾವಣೆಯ ಹೆಸರನ್ನು ಸ್ವಲ್ಪ ಹೆಚ್ಚಾಗಿಯೇ ಮನಸ್ಸಿಗೆ ಹಚ್ಚಿಕೊಂಡಿದ್ದರು. ಆಟೋದವರು, ಬೇಕರಿಯವರು, ಕೊನೆಗೆ ಸ್ವಂತ ಹೆಂಡತಿ ಕೂಡ ಕಾಕ್ಸ್‌ಟೌನ್ ಎಂದೇ ಅನ್ನುತ್ತಿದ್ದರೂ ಇವರು ಮಾತ್ರ ವಿಳಾಸ ಹೇಳುವಾಗ ಎದೆ ಮುಂದೆ ಮಾಡಿ "ಸರ್ವಜ್ಞನಗರ" ಎನ್ನುತ್ತಿದ್ದರು.

ದಂಡು ಪ್ರದೇಶದ ಒಂದು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಅವರು ಮೂವತ್ತೊಂದು ವರ್ಷ ಅಟೆಂಡರ್ ಆಗಿದ್ದರು. ಬೆಳಿಗ್ಗೆ ಪಟ್ಟಕ, ಮಸೂರ, ಲೋಲಕಗಳನ್ನು ವಿದ್ಯಾರ್ಥಿಗಳ ಕೈಗೆ ಕೊಡುವುದು, ಸಂಜೆ ಒಡೆಯದೆ ಉಳಿದವನ್ನು ವಾಪಸು ಬೀರುವಿನಲ್ಲಿಡುವುದು ಕೆಲಸ. ಪ್ರೊಫೆಸರರು ಬರುವುದು ತಡವಾದಾಗ ಒಂದೆರಡು ಸಲ ತಾವೇ ಪಾಠ ಮಾಡಿದ್ದುಂಟು ಎಂದು ಹೇಳುತ್ತಿದ್ದರು. ಹಾಗೆ ಹೇಳುತ್ತಿದ್ದವರು ಅವರೊಬ್ಬರೇ.

ನಿವೃತ್ತಿಯಾದ ಮೇಲೆ ಆ ವಿಜ್ಞಾನವೆಲ್ಲ ಮನೆಯ ಮೇಲೆ ತಿರುಗಿತು.

ಮನೆ ಅಪ್ಪನ ಕಾಲದ್ದು. ಕೆಳಗೆ ಸಂಜೀವಪ್ಪ ಮತ್ತು ಹೆಂಡತಿ ಯಶೋದಮ್ಮ. ಮೇಲ್ಗಡೆ ತಮ್ಮ ಪಾಪಣ್ಣ, ಅವನ ಹೆಂಡತಿ ಪೂಜಿತಾ, ಮಕ್ಕಳು. ಅಕ್ಕ ಮುನಿಗಂಗಮ್ಮ ಕಮ್ಮನಹಳ್ಳಿಯಲ್ಲಿದ್ದರು. ಅಪ್ಪ ಹೋಗಿ ಹನ್ನೆರಡು ವರ್ಷವಾದರೂ ಮನೆ ಇನ್ನೂ ಭಾಗವಾಗಿರಲಿಲ್ಲ. ಆ ಮಾತನ್ನು ಯಾರೂ ಎತ್ತಿರಲಿಲ್ಲ, ಯಾರೂ ಮರೆತೂ ಇರಲಿಲ್ಲ. ಆ ಮನೆಯ ಕಲ್ಲುಗೋಡೆಗಳು ಎರಡಡಿ ದಪ್ಪ. ಒಳಗೆ ಮೊಬೈಲಿಗೆ ಸಿಗ್ನಲ್ ಎಂಬುದೇ ಇರಲಿಲ್ಲ. ಫೋನಿನಲ್ಲಿ ಮಾತನಾಡಬೇಕಾದರೆ ಕೆಳಗಿನವರು ಅಂಗಳದ ಬಾವಿಕಟ್ಟೆಗೆ ಬರಬೇಕು, ಮೇಲಿನವರು ತಾರಸಿಗೆ ಹತ್ತಬೇಕು. ಹಾಗಾಗಿ ಇಡೀ ಮನೆ ಒಂದೇ ಇಂಟರ್ನೆಟ್ ಕನೆಕ್ಷನ್ನಿನ ಮೇಲೆ ಬದುಕುತ್ತಿತ್ತು.

ಈ ಕನೆಕ್ಷನ್ನಿನಲ್ಲೇ ಯಶೋದಮ್ಮ ಪ್ರತಿ ಶನಿವಾರ ನಾಲ್ಕು ಗಂಟೆಗೆ ನಲವತ್ತೊಂದು ಹೆಂಗಸರಿಗೆ ಬ್ಲೌಸ್ ಹೊಲಿಗೆ ಕಲಿಸುತ್ತಿದ್ದರು. ಒಂದು ಮಹಿಳಾ ಸಂಘದವರು ನಡೆಸುವ ಆನ್‌ಲೈನ್ ಕ್ಲಾಸು ಅದು. ಸರಿಯಾಗಿ ಆ ಹೊತ್ತಿಗೇ ಮೇಲ್ಗಡೆ ಪಾಪಣ್ಣ ಸಿನಿಮಾ ಹಚ್ಚುತ್ತಿದ್ದ. ಕೆಳಗೆ ಯಶೋದಮ್ಮ ಬಟ್ಟೆಯ ಮೇಲೆ ಕತ್ತರಿ ಇಟ್ಟು, ಬಾಯಿ ತೆರೆದು, ಹಾಗೇ ಪರದೆಯ ಮೇಲೆ ಕಲ್ಲಾಗಿ ನಿಲ್ಲುತ್ತಿದ್ದರು. ಕಳೆದ ತಿಂಗಳು ಹದಿನೇಳು ಜನ ಕತ್ತಿನ ಆಕಾರವನ್ನು ಊಹೆಯ ಮೇಲೆ ಕತ್ತರಿಸಿ, ಅದರಲ್ಲಿ ತಲೆ ತೂರದೆ ಸಂಘಕ್ಕೆ ದೂರು ಕೊಟ್ಟಿದ್ದರು. ಈ ಶನಿವಾರ ಪರೀಕ್ಷೆ. ಈ ಸಲವೂ ನಿಂತರೆ ಕ್ಲಾಸನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದು ಸಂಘದವರು ಬಹಳ ವಿನಯದಿಂದ ತಿಳಿಸಿದ್ದರು.

"ನೀನು ಪರೀಕ್ಷೆ ತಗೋ, ನೆಟ್ ನನಗೆ ಬಿಡು," ಎಂದರು ಸಂಜೀವಪ್ಪ.

"ಅದೇ ನನಗೆ ಭಯ ಕಣ್ರೀ," ಎಂದರು ಯಶೋದಮ್ಮ.

ಸಂಜೀವಪ್ಪನವರು ಆಗಲೇ ಶಿವಾಜಿನಗರದ ನಯಾಜ್‌ನಿಂದ ಊಟದ ಡಬ್ಬಿಯಷ್ಟು ದೊಡ್ಡದೊಂದು ಹಳೆಯ ಕಂಪ್ಯೂಟರನ್ನು ತಂದಿದ್ದರು. ನಯಾಜ್ ಹಳೆಯ ಕಂಪ್ಯೂಟರ್‌ಗಳ ವ್ಯಾಪಾರಿ. ಅದರೊಳಗೆ ಲಿನಕ್ಸ್ ಎಂಬ ಪ್ರೋಗ್ರಾಂ ತುಂಬಿ ರೌಟರ್ ಮಾಡಿಕೊಟ್ಟಿದ್ದ. ಮನೆಯ ಇಂಟರ್ನೆಟ್ಟೆಲ್ಲ ಈಗ ಆ ಡಬ್ಬಿಯ ಮೂಲಕವೇ ಹರಿಯುತ್ತಿತ್ತು. ಅದರಲ್ಲಿ ಇನ್ನೊಂದು ಪ್ರೋಗ್ರಾಂ ಹಾಕಿದರೆ ಯಾವ ಫೋನಿಗೆ ಎಷ್ಟು ನೆಟ್ ಹೋಗಬೇಕೆಂದು ಪಾಲು ಮಾಡಬಹುದು ಎಂದು ನಯಾಜ್ ಹೇಳಿದ್ದ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಸಂಜೀವಪ್ಪನವರು ಅದನ್ನು ಹಾಕಲು ಕುಳಿತರು. ಡಬ್ಬಿ 'ಜಾಗ ಇಲ್ಲ' ಎಂದು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಿತು. ಅವರು ಬಾವಿಕಟ್ಟೆಗೆ ಬಂದು ನಯಾಜ್‌ಗೆ ಫೋನ್ ಮಾಡಿದರು.

"ಅರೆ, ಜಾಗ ಇಲ್ದೆ ಏನು ಸಂಜೀವಣ್ಣ," ಎಂದ ನಯಾಜ್. "ಡಿಸ್ಕು ಮೂವತ್ತೆರಡು ಜಿಬಿ ಇದೆ. ಅದ್ರಲ್ಲಿ ರೂಟ್ ಪಾರ್ಟಿಶನ್ ಅಂತ ಒಂದು ಭಾಗ, ಸಿಸ್ಟಮ್ ಎಲ್ಲಾ ಅಲ್ಲೇ ಕೂತಿರೋದು. ಅದಕ್ಕೆ ನಾನ್ ಕೊಟ್ಟಿರೋದು ಬೆರಳಷ್ಟು ಜಾಗ. ಬಾಕಿ ಅಷ್ಟೂ ಸುಮ್ನೆ ಬಿದ್ದಿದೆ. ಪೆನ್‌ಡ್ರೈವ್‌ನಿಂದ ಆನ್ ಮಾಡಿ, ರೂಟ್ ಪಾರ್ಟಿಶನ್ ದೊಡ್ಡದು ಮಾಡ್ಕೊಳ್ಳಿ, ಮುಗೀತು."

ಸಂಜೀವಪ್ಪನವರಿಗೆ ಪ್ರಯೋಗಾಲಯದಿಂದ ಬಂದ ಒಂದು ಅಭ್ಯಾಸವಿತ್ತು. ಯಾರು ಏನು ಹೇಳಿದರೂ ತಪ್ಪಾಗದಿರಲೆಂದು ದೊಡ್ಡ ದನಿಯಲ್ಲಿ ತಿರುಗಿ ಹೇಳುವರು. ಆ ಹೊತ್ತಿಗೆ ಸರಿಯಾಗಿ ಪೂಜಿತಾ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ನಯಾಜ್‌ನ ಮಾತು ಅವಳಿಗೆ ಕೇಳಿಸುವಂತಿರಲಿಲ್ಲ. ಕೇಳಿಸಿದ್ದು ಇಷ್ಟು:

"ಮೂವತ್ತೆರಡಾ! ... ಬಾಕಿ ಅಷ್ಟೂ ಸುಮ್ನೆ ಬಿದ್ದಿದ್ಯಾ? ಯಾರಿಗೂ ಹಂಚಿಲ್ವಾ? ... ಇಷ್ಟು ದಿನ ಯಾಕ್ರೀ ಹೇಳ್ಲಿಲ್ಲ! ... ಆಯ್ತು, ಇವತ್ತೇ ಪಾರ್ಟಿಶನ್ ಮಾಡ್ಬಿಡ್ತೀನಿ. ಅಷ್ಟೂ ನಾನೇ ತಗೋಬಹುದಲ್ವಾ? ... ಮೇಲ್ಗಡೆ ಮನೆಯವರಿಗಾ? ಅವರಿಗೆ ಇಷ್ಟೇ ಪಾಲು ಅಂತ ಆಮೇಲೆ ಫಿಕ್ಸ್ ಮಾಡ್ತೀನಿ. ಅವ್ರಿಗೆ ಗೊತ್ತೂ ಆಗಲ್ಲ ಬಿಡಿ!"

ತಾರಸಿಯಿಂದ ಒಂದು ಒದ್ದೆ ಹೊದಿಕೆ ಅಂಗಳಕ್ಕೆ ಬಿತ್ತು. ಸಂಜೀವಪ್ಪನವರು ಮೇಲೆ ನೋಡದೆ ಅದನ್ನು ಮಡಚಿ ಬಾವಿಕಟ್ಟೆಯ ಮೇಲಿಟ್ಟು ಒಳಗೆ ಹೋದರು.

ಪೂಜಿತಾ ನಿಂತಲ್ಲಿಂದಲೇ ಕಮ್ಮನಹಳ್ಳಿಗೆ ಫೋನ್ ಮಾಡಿದಳು. ಅವಳು ಹೇಳಿದ್ದು ಬರೀ ಮೂವತ್ತೆರಡು. ಆದರೆ ಆ ಕಡೆ ಮುನಿಗಂಗಮ್ಮನವರು ಬರೀ ಅಂಕಿಯನ್ನು ಹಾಗೇ ಬೆತ್ತಲೆ ಬಿಡುವ ಹೆಂಗಸಲ್ಲ. ಮೂವತ್ತೆರಡು ಅಂದರೆ ಗುಂಟೆಯೇ ಇರಬೇಕು. ಗುಂಟೆ ಅಂದ ಮೇಲೆ ಹೊಲ. ಹೊಲ ಅಂದ ಮೇಲೆ ಕೆ.ಆರ್. ಪುರದ ಕಡೆ. ಏಕೆಂದರೆ ಅಪ್ಪ ಬದುಕಿದ್ದಾಗ ವರ್ಷಕ್ಕೆರಡು ಸಲ ಕೆ.ಆರ್. ಪುರಕ್ಕೆ ಹೋಗಿಬರುತ್ತಿದ್ದರು, ಯಾಕೆಂದು ಯಾರಿಗೂ ಹೇಳುತ್ತಿರಲಿಲ್ಲ. ಹನ್ನೆರಡು ವರ್ಷದ ಮೇಲೆ ಈಗ ಕಾರಣ ಸಿಕ್ಕಿತು. ಅಡುಗೆ ಊಟ ಮುಗಿಸಿ ಸೀರೆ ಬದಲಿಸುವಷ್ಟರಲ್ಲಿ ಆ ಹೊಲದ ಪಕ್ಕಕ್ಕೆ ಮೆಟ್ರೋ ಕೂಡ ಬಂದು ನಿಂತಿತ್ತು.

ಇತ್ತ ಸಂಜೀವಪ್ಪನವರು ಹಳೆಯ ಲ್ಯಾಬ್ ರೆಕಾರ್ಡ್ ಪುಸ್ತಕ ತೆರೆದು 'ಉದ್ದೇಶ', 'ಬೇಕಾಗುವ ಉಪಕರಣಗಳು', 'ವಿಧಾನ' ಎಂದು ಕೆಂಪು ಶಾಯಿಯಲ್ಲಿ ಬರೆದು ಅಡಿಗೆರೆ ಎಳೆದರು. ಉಪಕರಣಗಳ ಕೆಳಗೆ 'ಧೈರ್ಯ' ಎಂದೂ ಬರೆದರು. ಹನ್ನೊಂದು ಗಂಟೆಗೆ ಪೆನ್‌ಡ್ರೈವ್ ಸಿಕ್ಕಿಸಿ ಡಬ್ಬಿಯನ್ನು ಆರಿಸಿ ಹೊತ್ತಿಸಿದರು. ಇಡೀ ಮನೆಯ ಇಂಟರ್ನೆಟ್ ನಿಂತಿತು.

ಎರಡು ನಿಮಿಷದಲ್ಲಿ ಪಾಪಣ್ಣ ಮೆಟ್ಟಿಲಿಳಿದು ಬಂದ. ಅವನಿಗೆ ಹೆಂಡತಿ ಎಲ್ಲವನ್ನೂ ಹೇಳಿ ಮುಗಿಸಿದ್ದಳು. ಆದರೂ ಅಣ್ಣನ ಬಾಯಿಂದಲೇ ಬರಲೆಂದು ಮೆಲ್ಲಗೆ ಶುರು ಮಾಡಿದ.

"ಅಣ್ಣ, ನೆಟ್ ಹೋಯ್ತು."

"ಹೋಗುತ್ತೆ. ಪಾರ್ಟಿಶನ್ ಮಾಡ್ತಿದೀನಿ. ಮುಗಿಯೋವರ್ಗೂ ಯಾರಿಗೂ ಏನೂ ಇಲ್ಲ."

ಪಾಪಣ್ಣ ಬಾಗಿಲ ಚೌಕಟ್ಟು ಹಿಡಿದುಕೊಂಡ. ಮುಚ್ಚುಮರೆಯೇನಾದರೂ ಇದ್ದೀತು ಎಂದುಕೊಂಡಿದ್ದವನಿಗೆ ಈ ನೇರ ಮಾತು ಎದೆಗೆ ಬಡಿಯಿತು.

"ಅಪ್ಪ ಇದ್ದಿದ್ರೆ ಹೀಗ್ ಮಾಡ್ತಿದ್ಯಾ ಅಣ್ಣ?"

"ಅಪ್ಪನ ಕಾಲದಲ್ಲಿ ಇದೆಲ್ಲಿತ್ತೋ? ನನಗೇ ಬೆಳಿಗ್ಗೆ ನಯಾಜ್ ಹೇಳಿದ್ಮೇಲೆ ಗೊತ್ತಾಗಿದ್ದು."

"ನಯಾಜ್‌ಗೂ ಗೊತ್ತಾ!" ಶಿವಾಜಿನಗರಕ್ಕೆಲ್ಲ ಗೊತ್ತಿರುವುದು ಒಡಹುಟ್ಟಿದವನಿಗೆ ಗೊತ್ತಿಲ್ಲವಲ್ಲ ಎಂದು ಪಾಪಣ್ಣ ಚೌಕಟ್ಟು ಬಿಟ್ಟು ಒಳಗೇ ಬಂದ. "ಎಷ್ಟಿದೆ?"

"ಮೂವತ್ತೆರಡು. ಎಲ್ಲಾ ರೂಟ್‌ಗೆ ಹಾಕ್ತಿದೀನಿ."

"ರೂಟ್ ಅಂದ್ರೆ ಯಾರು?"

"ರೂಟ್ ಅಂದ್ರೆ ಇಡೀ ಸಿಸ್ಟಮ್‌ಗೆ ಯಜಮಾನ."

"ಆ ಯಜಮಾನ ಯಾರು?"

ಸಂಜೀವಪ್ಪನವರು ಕನ್ನಡಕ ಸರಿಮಾಡಿಕೊಂಡರು. ಪಾಸ್‌ವರ್ಡ್ ತಮಗೊಬ್ಬರಿಗೇ ಗೊತ್ತಿದ್ದುದರಿಂದ ಉತ್ತರಿಸಲು ಅವರಿಗೆ ಸಂಕೋಚವೇನೂ ಇರಲಿಲ್ಲ.

"ಸದ್ಯಕ್ಕೆ ನಾನೇ."

ಪಾಪಣ್ಣ ಸರಸರನೆ ಮೆಟ್ಟಿಲು ಹತ್ತಿ ಮೇಲೆ ಹೋದ. ಅಣ್ಣನ ಕೆಲಸದಲ್ಲಿ ಇಷ್ಟು ಆಸಕ್ತಿ ತೋರಿಸಿದ ತಮ್ಮನ ಬಗ್ಗೆ ಸಂಜೀವಪ್ಪನವರಿಗೆ ಹೆಮ್ಮೆಯಾಯಿತು.

ಆಮೇಲಿನದು ಕಷ್ಟದ ಭಾಗ. ಚಿಕ್ಕ ಪಾರ್ಟಿಶನ್ನನ್ನು ಅಳಿಸಿ, ಅದು ಶುರುವಾಗುತ್ತಿದ್ದ ಜಾಗದಿಂದಲೇ ಡಿಸ್ಕಿನ ಕೊನೆಯವರೆಗೂ ಹೊಸದನ್ನು ಬರೆಯಬೇಕು. ಒಳಗಿನ ಮಾಹಿತಿಗೆ ಏನೂ ಆಗುವುದಿಲ್ಲ ಎಂದು ನಯಾಜ್ ಆಣೆ ಮಾಡಿದ್ದ. ಆದರೂ 'ಅಳಿಸಲೇ?' ಎಂದು ಯಂತ್ರ ಕೇಳಿದಾಗ ಸಂಜೀವಪ್ಪನವರು ಕೈ ಹಿಂದಕ್ಕೆ ತೆಗೆದರು. ಎರಡು ಸಲ ಎದ್ದು ನೀರು ಕುಡಿದರು. ಮೂರನೆಯ ಸಲ ಕಣ್ಣು ಮುಚ್ಚಿ ಗುಂಡಿ ಒತ್ತಿಯೇಬಿಟ್ಟರು. ಹೊಸ ಪಾರ್ಟಿಶನ್ ಆಯಿತು, ಅದನ್ನು ಹಿಗ್ಗಿಸುವ ಆದೇಶವೂ ನಡೆಯಿತು. ಪೆನ್‌ಡ್ರೈವ್ ಕಿತ್ತು ಡಬ್ಬಿಯನ್ನು ಮತ್ತೆ ಹೊತ್ತಿಸಿದರು.

ಪರದೆಯ ಮೇಲೆ ಒಂದಿಷ್ಟು ಸಾಲು ಓಡಿ, ಕೊನೆಯ ಸಾಲು ನಿಂತಿತು. ರೂಟ್‌ಗಾಗಿ ಕಾಯುತ್ತಿದ್ದೇನೆ ಎಂದು ಅದರ ಅರ್ಥ. ಮುಂದೆ ಉದ್ದನೆಯದೊಂದು ನಂಬರ್.

ಸಂಜೀವಪ್ಪನವರು ಮರ್ಯಾದಸ್ಥರು. ಯಂತ್ರವೇ ಕಾಯುತ್ತಿದೆ ಅಂದಮೇಲೆ ತಾವೂ ಕಾಯಬೇಕೆಂದು ಕೈಕಟ್ಟಿ ಕುಳಿತರು. ಹನ್ನೆರಡೂವರೆ ಆಯಿತು. ಒಂದೂವರೆ ಆಯಿತು. ಅನ್ನ ಸಾರು ಉಂಡು ಬಂದು ಮತ್ತೆ ಕಾಯ್ದರು. ಎರಡು ಗಂಟೆಗೆ ಯಶೋದಮ್ಮ ಅಳತೆ ಟೇಪು ಕುತ್ತಿಗೆಗೆ ಹಾಕಿಕೊಂಡು ಬಂದು ನಿಂತರು.

"ಏನ್ರೀ ಆಯ್ತಾ?"

"ಕಾಯ್ತಿದೆ."

"ಏನಕ್ಕೆ?"

ಅದೇ ಅವರಿಗೂ ತಿಳಿದಿರಲಿಲ್ಲ. ಬಾವಿಕಟ್ಟೆಗೆ ಹೋಗಿ ನಯಾಜ್‌ಗೆ ಫೋನ್ ಮಾಡಿದರು. ಅವನು ಫ್ರೇಜರ್‌ಟೌನಿನ ಯಾವುದೋ ಮದುವೆಯಲ್ಲಿದ್ದ. ಫೋನು ಜೇಬಿನಲ್ಲಿ ಬಡಿದುಕೊಳ್ಳುತ್ತಿದ್ದರೂ ಕೈ ಬಿರಿಯಾನಿಯಲ್ಲಿತ್ತು. ಹನ್ನೆರಡನೆಯ ಸಲ ಫೋನ್ ಮಾಡುತ್ತಿದ್ದಾಗ ಗೇಟಿನ ಮುಂದೆ ಆಟೋ ನಿಂತಿತು.

ಮುನಿಗಂಗಮ್ಮ ಇಳಿಯುವ ಮುಂಚೆಯೇ ಅಳುತ್ತಿದ್ದರು. ಹಿಂದೆ ಬಿಳಿ ಗಡ್ಡದ, ಕಂಕುಳಲ್ಲಿ ಚರ್ಮದ ಚೀಲ ಇಟ್ಟುಕೊಂಡ ಒಬ್ಬ ಹಿರಿಯರು ಇಳಿದರು. ಅವರು ಸನಾವುಲ್ಲಾ ಸಾಹೇಬರು, ಮುನಿಗಂಗಮ್ಮನವರ ಪಕ್ಕದ ಮನೆಯವರು, ಮೂವತ್ತನಾಲ್ಕು ವರ್ಷ ಸರ್ಕಾರಿ ಸರ್ವೆಯರ್ ಆಗಿ ನಿವೃತ್ತರಾದವರು. ಮಧ್ಯಾಹ್ನದ ನಿದ್ದೆಯಿಂದ ಎಬ್ಬಿಸಿ ಕರೆತಂದಿದ್ದರು.

"ಲೋ ಸಂಜೀವ! ಪಾರ್ಟಿಶನ್ ಮಾಡ್ಬಿಟ್ಯಂತಲ್ಲೋ!"

"ಮಾಡ್ದೆ ಅಕ್ಕ, ಬೆಳಿಗ್ಗೆನೇ ಆಯ್ತು. ಆದ್ರೆ ಏನೋ ಎಡವಟ್ಟಾಗಿದೆ."

"ಆಗ್ದೇ ಇರುತ್ತಾ? ಒಡಹುಟ್ಟಿದವ್ರನ್ನ ಬಿಟ್ಟು ಮಾಡಿದ್ರೆ ಆಗ್ದೇ ಇರುತ್ತೇನೋ?"

"ನಿಮ್ಮನ್ನೆಲ್ಲ ಯಾಕ್ ತೊಂದ್ರೆ ಕೊಡೋದು ಅಂತ ಅಕ್ಕ. ಹಳೇದನ್ನ ಡಿಲೀಟ್ ಮಾಡಿ, ಹೊಸದು ಬರೆದೆ, ಅಷ್ಟೇ."

"ಡಿಲೀಟ್ ಮಾಡಿದ್ನಂತೆ ಸಾಹೇಬ್ರೇ! ನಮ್ಮಪ್ಪನ ಹೆಸರನ್ನೇ ಡಿಲೀಟ್ ಮಾಡಿದ್ನಂತೆ!" ಎಂದು ಮುನಿಗಂಗಮ್ಮ ಬಾವಿಕಟ್ಟೆಯ ಮೇಲೆ ಕುಸಿದರು. ಅಲ್ಲಿ ಮಡಚಿಟ್ಟಿದ್ದ ಒದ್ದೆ ಹೊದಿಕೆಯ ಮೇಲೆ ಕೂತು ಇನ್ನೊಂದು ಸಲ ಕೂಗಿಕೊಂಡರು.

ಪಾಪಣ್ಣ, ಪೂಜಿತಾ ಇಳಿದು ಬಂದರು. ಪಕ್ಕದ ಮನೆಯ ನೂರ್ಜಹಾನ್ ಗೋಡೆಯಾಚೆಯಿಂದ ತಲೆ ಎತ್ತಿ, ತಮ್ಮ ಕಡೆಯ ಗೋಡೆ ಇದ್ದಲ್ಲೇ ಇರುತ್ತದೆ ತಾನೇ ಎಂದು ವಿಚಾರಿಸಿದರು. ಆಮೇಲೆ ಹನ್ನೆರಡು ವರ್ಷದಿಂದ ಯಾರೂ ಎತ್ತದ ಮಾತು ಎಲ್ಲರ ಬಾಯಿಂದಲೂ ಒಟ್ಟಿಗೇ ಹೊರಬಿತ್ತು. ಮುಂದಿನ ಜಗುಲಿಯ ಜಾಗ ಕಾರು ನಿಲ್ಲಿಸಲು ತನಗೇ ಬೇಕು ಎಂದ ಪಾಪಣ್ಣ. ಅಳೆದು ನೋಡಿದ್ದನಂತೆ, ಕಾರನ್ನು ಮಾತ್ರ ಇನ್ನೂ ಕೊಂಡಿರಲಿಲ್ಲ. ನಡುಮನೆಗೆ ಯಾವ ಬಣ್ಣದ ಪರದೆ ಎಂಬುದು ಪೂಜಿತಾಗೆ ತೀರ್ಮಾನವಾಗಿಬಿಟ್ಟಿತ್ತು. ನನಗೇನೂ ಬೇಡ, ಬಾವಿ ಪಕ್ಕದ ಕೋಣೆ, ಹಿತ್ತಲು, ಮತ್ತೆ ಆ ಕೆ.ಆರ್. ಪುರದ್ದರಲ್ಲಿ ರಸ್ತೆ ಕಡೆಯ ಮೂಲೆ ಸಾಕು ಎಂದರು ಮುನಿಗಂಗಮ್ಮ.

"ಕೆ.ಆರ್. ಪುರದ್ದು ಯಾವುದು?" ಎಂದು ಯಶೋದಮ್ಮ ಕೇಳಿದರು.

"ನಿಂಗೂ ಹೇಳಿಲ್ವಾ! ಮೂವತ್ತೆರಡು ಗುಂಟೆ ಕಣೇ, ಖಾಲಿ ಬಿದ್ದಿದ್ಯಂತೆ!"

ಯಶೋದಮ್ಮ ನಿಧಾನವಾಗಿ ಗಂಡನ ಕಡೆ ತಿರುಗಿದರು. "ಮೂವತ್ತೆರಡು ಗುಂಟೆ ಇಟ್ಕೊಂಡು, ನನ್ನ ಹೊಲಿಗೆ ಮಿಷನ್‌ಗೆ ಒಂದು ಬೆಲ್ಟ್ ಹಾಕ್ಸೋಕೆ ಆರು ತಿಂಗಳು ಮಾಡಿದ್ರಲ್ರೀ!"

ಸಂಜೀವಪ್ಪನವರು ಫೋನಿನಲ್ಲಿ ಗಂಟೆ ನೋಡಿದರು. ಅವರ ತಲೆಯಲ್ಲಿ ಇದ್ದದ್ದು ಒಂದೇ: ಈಗ ಗಂಟೆ ಎರಡೂ ಮುಕ್ಕಾಲು, ಪರೀಕ್ಷೆ ನಾಲ್ಕಕ್ಕೆ. ಇಷ್ಟು ಜನ ತಮ್ಮ ರೌಟರಿಗಾಗಿ ಹೀಗೆ ಕಣ್ಣೀರು ಹಾಕುವುದು ಅತಿಯಾಯಿತು ಎಂದು ಮಾತ್ರ ಅನಿಸಿತು.

ಸನಾವುಲ್ಲಾ ಸಾಹೇಬರು ಗಂಟಲು ಸರಿಮಾಡಿಕೊಂಡರು. ಜಗಳದ ನಡುವೆ ನಿಂತು ಜಮೀನು ಅಳೆಯುವ ಸರಪಣಿ ಎಳೆದು ಅಭ್ಯಾಸವಿದ್ದ ಮನುಷ್ಯ.

"ಸಂಜೀವಪ್ಪನವ್ರೇ, ಮಾತು ಆಮೇಲೆ. ಮೊದ್ಲು ಸ್ಥಳ ತೋರಿಸಿ. ಎಲ್ಲಿದೆ?"

"ಒಳಗಿದೆ, ಬನ್ನಿ."

"ಒಳಗಾ?"

ಎಲ್ಲರೂ ಹಿಂದೆ ಹೋದರು. ಸಂಜೀವಪ್ಪನವರು ಕೋಣೆಯ ಮೇಜಿನ ಮೇಲಿದ್ದ ಡಬ್ಬಿಯನ್ನು ತೋರಿಸಿದರು. ಸಾಹೇಬರು ಬಗ್ಗಿ ಡಬ್ಬಿಯ ಹಿಂದೆ ಏನಾದರೂ ಇದೆಯೇ ಎಂದೂ ನೋಡಿದರು.

"ಮೂವತ್ತೆರಡು ಗುಂಟೆ ಇದ್ರೊಳಗಾ?" ಎಂದರು.

"ಗುಂಟೆ ಅಂತ ಯಾರ್ ಹೇಳಿದ್ರು? ಜಿಬಿ ಸ್ವಾಮಿ, ಜಿಬಿ! ಇದರೊಳಗಿನ ಡಿಸ್ಕು!"

ಮುನಿಗಂಗಮ್ಮ ಪೂಜಿತಾಳನ್ನು ನೋಡಿದರು. "ನಾನ್ ಬರೀ ಮೂವತ್ತೆರಡು ಅಂದೆ ಅತ್ತಿಗೆ," ಎಂದಳು ಪೂಜಿತಾ ಸಣ್ಣಗೆ, "ಗುಂಟೆ ನಿಮ್ದು." ಪಾಪಣ್ಣ ಚಾವಣಿ ನೋಡತೊಡಗಿದ. "ಮೇಲ್ಗಡೆಯವರ ಪಾಲು ಕಮ್ಮಿ ಮಾಡ್ತೀನಿ ಅಂದಿದ್ದು?" ಎಂದು ಕೊನೆಯ ಆಸೆಯಿಂದ ಕೇಳಿದ.

"ನೆಟ್‌ದು ಕಣೋ! ಶನಿವಾರ ನಾಲ್ಕು ಗಂಟೆಗೆ ನೀನ್ ಸಿನಿಮಾ ಹಾಕ್ತೀಯಲ್ಲ, ಅದು!"

ಕೆ.ಆರ್. ಪುರದ ಹೊಲ ಹೀಗೆ ಮೆಟ್ರೋ ಸಮೇತ ಅಳಿಸಿಹೋಯಿತು. ಅದನ್ನು ಅತ್ಯಂತ ಬೇಗ ಮರೆತವರು ಯಶೋದಮ್ಮ.

"ಗುಂಟೆ ಹಾಳಾಗ್ಲಿ. ಇನ್ನು ಒಂದ್ ಗಂಟೆ ಇದೆ. ನನ್ನ ನಲವತ್ತೊಂದು ಜನ ಬಟ್ಟೆ ಹರಡ್ಕೊಂಡು ಕೂತಿರ್ತಾರೆ. ಏನ್ ಮಾಡ್ತೀರಾ ಹೇಳಿ!"

ಸಂಜೀವಪ್ಪನವರು ಶರ್ಟಿನ ತೋಳು ಮಡಚಿದರು. "ಮಾಡ್ತೀನಿ. ಮಾಡೇ ಮಾಡ್ತೀನಿ," ಎಂದರು. ಏನು ಮಾಡುವುದೆಂದು ಮಾತ್ರ ಹೇಳಲಿಲ್ಲ.

ಸನಾವುಲ್ಲಾ ಸಾಹೇಬರು ಅಷ್ಟರಲ್ಲಿ ಕನ್ನಡಕ ಹಾಕಿಕೊಂಡು ಪರದೆಗೆ ಮೂಗು ತಾಗಿಸಿ ನಿಂತಿದ್ದರು. ನಂಬರ್ ಎಲ್ಲಿ ಕಂಡರೂ ಅವರಿಗೆ ಓದಲೇಬೇಕು.

"ಇದೇನು ಉದ್ದ ನಂಬರು?"

"ಅದು ರೂಟ್ ಪಾರ್ಟಿಶನ್ದು ಸಾಹೇಬ್ರೇ. ಅದಕ್ಕೆ ಕಾಯ್ತಿದೆ."

"ನೀವು ಹಳೇದು ಅಳಿಸಿ ಹೊಸದು ಮಾಡಿದ್ರಲ್ಲ. ಹೊಸದಕ್ಕೂ ಇದೇ ನಂಬರಾ?"

ಸಂಜೀವಪ್ಪನವರ ಬಾಯಿ ತೆರೆದುಕೊಂಡಿತು.

"ಪಾರ್ಟಿಶನ್ ಆದ್ಮೇಲೆ ನಂಬರ್ ಬದಲಾಗುತ್ತೆ ಸ್ವಾಮಿ," ಎಂದರು ಸಾಹೇಬರು. "ನಾನ್ ನೌಕರಿಯುದ್ದಕ್ಕೂ ನೋಡಿದ್ದು ಇದನ್ನೇ. ಸ್ಥಳದಲ್ಲಿ ಹೊಸ ನಂಬರು, ಪುಸ್ತಕದಲ್ಲಿ ಹಳೇ ನಂಬರು. ಪಾಪ, ಮನುಷ್ಯ ತನ್ನ ಜಮೀನಿನ ಮೇಲೇ ನಿಂತ್ಕೊಂಡು ನನ್ನ ಜಮೀನೆಲ್ಲಿ ಅಂತ ಕೇಳ್ತಿರ್ತಾನೆ. ಇದೂ ಹಂಗೇ ಕಾಣುತ್ತೆ. ಇದರ ಪುಸ್ತಕ ಎಲ್ಲಿದೆ ನೋಡಿ, ಅದ್ರಲ್ಲಿ ಹೊಸ ನಂಬರ್ ಬರೀರಿ."

ಮತ್ತೆ ಪೆನ್‌ಡ್ರೈವ್ ಸಿಕ್ಕಿಸಿ ನೋಡಿದರೆ ನಿಜಕ್ಕೂ ಹಾಗೇ ಆಗಿತ್ತು. ಹೊಸ ಪಾರ್ಟಿಶನ್ನಿನ ನಂಬರ್ ಒಂದು, ಯಂತ್ರ ಎದ್ದೇಳುವಾಗ ಓದುವ ಫೈಲಿನಲ್ಲಿದ್ದ ನಂಬರ್ ಇನ್ನೊಂದು. ಫೈಲಿನಲ್ಲಿ ಹೊಸದನ್ನು ಬರೆಯಬೇಕು. ನಡುವಿನ ಅಡ್ಡಗೆರೆಗಳನ್ನು ಬಿಟ್ಟು ಎಣಿಸಿದರೆ ಸರಿಯಾಗಿ ಮೂವತ್ತೆರಡು ಅಕ್ಷರ.

"ಮತ್ತೆ ಮೂವತ್ತೆರಡು!" ಎಂದು ಮುನಿಗಂಗಮ್ಮ ಎದೆ ಮುಟ್ಟಿಕೊಂಡರು.

ಒಂದು ಕಡೆ ಇರುವುದನ್ನು ಎತ್ತಿ ಇನ್ನೊಂದು ಕಡೆ ಅಂಟಿಸುವ ವಿದ್ಯೆ ಲಿನಕ್ಸಿನಲ್ಲಿ ಇದೆಯಂತೆ. ಆ ಹೊತ್ತಿಗೆ ಆ ಕೋಣೆಯಲ್ಲಿದ್ದವರಿಗೆ ಅದು ತಿಳಿದಿರಲಿಲ್ಲ. ಪಾಪಣ್ಣ ಪರದೆ ನೋಡಿ ಓದಿದ, ಪೂಜಿತಾ ಕಾಗದದ ಮೇಲೆ ಬರೆದಳು. ಅದನ್ನವಳು ಓದಿದಂತೆ ಸಂಜೀವಪ್ಪನವರು ಫೈಲಿನಲ್ಲಿ ಒಂದೊಂದೇ ಬೆರಳಿನಿಂದ ಒತ್ತಿದರು. ಯಂತ್ರ ಆರಿಸಿ ಹೊತ್ತಿಸಿದರು. ಅದು ಮತ್ತೆ ಕಾಯತೊಡಗಿತು. ಗಂಟೆ ಮೂರೂವರೆ.

"ಬಿ ಅಂದಿದ್ದು ನಾನು, ನೀನು ಡಿ ಬರ್ದಿದೀಯ," ಎಂದ ಪಾಪಣ್ಣ.

"ನೀವು ಅಂದಿದ್ದೇ ಡಿ!"

"ಇ ಎಲ್ಲಿ ಹೋಯ್ತು? ಎ ಯಾಕಾಯ್ತು?"

ಗಂಡಹೆಂಡಿರ ಈ ಜಗಳ ನೋಡಿ ಸಾಹೇಬರು ಕೈ ಎತ್ತಿದರು. "ಅಕ್ಷರ ಹೇಳ್ಬೇಡಿ, ಊರು ಹೇಳಿ. ನಾವು ವೈರ್‌ಲೆಸ್‌ನಲ್ಲಿ ಹಂಗೇ ಮಾಡ್ತಿದ್ವಿ."

ಆ ನಂಬರಿನಲ್ಲಿ ಅಂಕಿಗಳ ಜೊತೆ ಇದ್ದದ್ದು ಆರೇ ಇಂಗ್ಲಿಷ್ ಅಕ್ಷರ, ಎ-ಯಿಂದ ಎಫ್‌ವರೆಗೆ. ಬೆಂಗಳೂರಿನ ಪುಣ್ಯ, ಆರಕ್ಕೂ ಊರು ಸಿಕ್ಕಿತು. ಎ-ಗೆ ಆಸ್ಟಿನ್‌ಟೌನ್, ಬಿ-ಗೆ ಬಾಣಸವಾಡಿ, ಸಿ-ಗೆ ಕಾಕ್ಸ್‌ಟೌನ್, ಡಿ-ಗೆ ದೊಮ್ಮಲೂರು, ಇ-ಗೆ ಈಜಿಪುರ, ಎಫ್‌ಗೆ ಫ್ರೇಜರ್‌ಟೌನ್. ಸಿ-ಗೆ ಸರ್ವಜ್ಞನಗರ ಆಗುವುದಿಲ್ಲವೇ ಎಂದು ಸಂಜೀವಪ್ಪನವರು ಕೇಳಿದರು. ಯಶೋದಮ್ಮನವರ ಮುಖ ನೋಡಿ ಸುಮ್ಮನಾದರು.

"ನಾಲ್ಕು. ಫ್ರೇಜರ್‌ಟೌನ್. ಏಳು. ದೊಮ್ಮಲೂರು," ಎಂದು ಪಾಪಣ್ಣ ಪರದೆಯಿಂದ ಕೂಗಿದ.

"ನಾಲ್ಕು. ಫ್ರೇಜರ್‌ಟೌನ್. ಏಳು. ದೊಮ್ಮಲೂರು," ಎಂದು ಪೂಜಿತಾ ಬರೆದಳು.

"ಒಂಬತ್ತು. ಬಾಣಸವಾಡಿ. ಬಾಣಸವಾಡಿ. ಸೊನ್ನೆ. ಅಡ್ಡಗೆರೆ. ಈಜಿಪುರ..."

ಮುನಿಗಂಗಮ್ಮನವರಿಗೆ ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ, ಆದರೆ ಊರುಗಳೆಲ್ಲ ಬರುತ್ತಿದ್ದವು. ಅವರು ಬೆರಳು ಮಡಚಿ ಲೆಕ್ಕ ಹಿಡಿದು, ಸಂಜೀವಪ್ಪನವರ ಹಿಂದೆಯೇ ನಿಂತು ಕಾವಲು ಕಾದರು. "ಎರಡನೇ ಬಾಣಸವಾಡಿ ಬಿಟ್ಟೆ ಕಣೋ ಸಂಜೀವ! ಹಿಂದಕ್ಕೆ ಹೋಗು!" ಎಂದು ಒಂದು ಸಲ ಬೆನ್ನಿಗೆ ಗುದ್ದಿದರು. "ದೊಮ್ಮಲೂರಿಂದ ಬಾಣಸವಾಡಿ, ಬಾಣಸವಾಡಿಯಿಂದ ಈಜಿಪುರ... ಇದ್ಯಾವ ಬಸ್ಸೋ, ಹಿಂಗೆ ಸುತ್ತುತ್ತೆ!" ಎಂದರೂ ಒಂದು ಸ್ಟಾಪನ್ನೂ ತಪ್ಪಲು ಬಿಡಲಿಲ್ಲ. ನೂರ್ಜಹಾನ್ ಕಿಟಕಿಯಾಚೆಯಿಂದ, "ಕೊನೇದು ಆಸ್ಟಿನ್‌ಟೌನಾ?" ಎಂದು ಖಚಿತಪಡಿಸಿಕೊಂಡರು.

ಮೂರು ಐವತ್ತೊಂದಕ್ಕೆ ಪೆನ್‌ಡ್ರೈವ್ ಕಿತ್ತು ಹೊತ್ತಿಸಿದರು. ಸಾಲುಗಳು ಓಡಿದವು. ಕಳೆದ ಸಲ ನಿಂತಿದ್ದ ಸಾಲು ಬಂತು. ಆ ಸಾಲು ಒಂದು ಕ್ಷಣ ಯೋಚಿಸಿದಂತೆ ಮಾಡಿ ಮುಂದಕ್ಕೆ ಓಡಿತು. ಹಿಂದೆಯೇ ನೂರಾರು ಸಾಲು ನುಗ್ಗಿದವು. ಡಬ್ಬಿಯ ಹಸಿರು ದೀಪ ಹೊತ್ತಿತು. ಎಲ್ಲರ ಫೋನುಗಳೂ ಒಟ್ಟಿಗೆ ಟಿಂಗ್ ಟಿಂಗ್ ಎಂದವು.

ಸಂಜೀವಪ್ಪನವರು ಈಗ ಜಾಗ ಎಷ್ಟಿದೆ ಎಂದು ಯಂತ್ರವನ್ನು ಕೇಳಿ, ಬಂದ ಉತ್ತರವನ್ನು ದೊಡ್ಡ ದನಿಯಲ್ಲಿ ಓದಿದರು. "ಇಪ್ಪತ್ತೊಂಬತ್ತು!"

"ಮೂವತ್ತೆರಡು ಅಂದ್ಯಲ್ಲೋ," ಎಂದರು ಮುನಿಗಂಗಮ್ಮ. "ಬಾಕಿ ಮೂರು ಎಲ್ಲಿ?"

ಪಾಪಣ್ಣ, ಪೂಜಿತಾ ಇಬ್ಬರೂ ಅಣ್ಣನ ಮುಖ ನೋಡಿದರು. ಸಾಹೇಬರ ಕೈ ತಾನಾಗಿ ಚೀಲದೊಳಗಿನ ಟೇಪಿನ ಕಡೆ ಹೋಯಿತು. ಡಿಸ್ಕಿನ ಮೇಲೆ ಬರೆದ ಲೆಕ್ಕ ಒಂದು, ಯಂತ್ರ ಎಣಿಸುವ ಲೆಕ್ಕ ಇನ್ನೊಂದು ಎಂದು ನಯಾಜ್ ಆಮೇಲೆ ವಿವರಿಸಿದ. ಆ ಹೊತ್ತಿಗೆ ಅದು ತಿಳಿಯದ ಸಂಜೀವಪ್ಪನವರು, "ಅಕ್ಕ, ನಿನ್ನಾಣೆ, ನಾನ್ ತಗೊಂಡಿಲ್ಲ," ಎಂದು ಕೈಮುಗಿದರು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಪಾಲು ಹಂಚುವ ಪ್ರೋಗ್ರಾಂ ಕುಳಿತಿತು. ಈ ಸಲ ಅದು ಜಾಗವಿಲ್ಲ ಎನ್ನಲಿಲ್ಲ. ಯಾರಿಗೆ ಎಷ್ಟು ಎಂಬ ಮಾತು ಬಂದಾಗ ಮಾತ್ರ ಕೋಣೆ ಮತ್ತೆ ಬಿಸಿಯಾಯಿತು. ಶನಿವಾರ ನಾಲ್ಕರಿಂದ ಆರು ಪೂರ್ತಿ ಯಶೋದಮ್ಮನಿಗೆ ಎಂದರು ಸಾಹೇಬರು. ಆರರ ಮೇಲೆ ಸಿನಿಮಾ ನಡುವೆ ನಿಲ್ಲಬಾರದು ಎಂದ ಪಾಪಣ್ಣ. ಕಮ್ಮನಹಳ್ಳಿಯಲ್ಲಿದ್ದರೇನು, ತಾನು ಬಂದಾಗ ತನ್ನ ಫೋನಿಗೂ ಸಮಪಾಲು ಬೇಕೆಂದರು ಮುನಿಗಂಗಮ್ಮ. ಹನ್ನೆರಡು ವರ್ಷದಿಂದ ಪಾಲಿನ ಮಾತನ್ನೇ ಮುಂದೂಡಿದ್ದ ಆ ಮನೆಯಲ್ಲಿ ಮೊದಲ ಪಾಲುಪಟ್ಟಿ ಮೂರು ನಿಮಿಷದಲ್ಲಿ ಮುಗಿಯಿತು.

"ಎಲ್ಲಾ ಆಚೆ ನಡೀರಿ," ಎಂದು ಯಶೋದಮ್ಮ ಬಾಗಿಲು ಹಾಕಿಕೊಂಡರು.

ನೆಟ್ ಇಲ್ಲದ ಐದು ಜನ ಬಾವಿಕಟ್ಟೆಯ ಸುತ್ತ ಕುಳಿತರು. ಪಾಪಣ್ಣ ಬೇಕರಿಯಿಂದ ವೆಜ್ ಪಫ್ಸ್ ತಂದ. ಒಳಗಿನಿಂದ ಯಶೋದಮ್ಮನವರ ದನಿ ಒಂದೇ ಸಮನೆ ಬರುತ್ತಿತ್ತು: ತೋಳಿನ ಸುತ್ತಳತೆ, ಡಾರ್ಟು, ಪಟ್ಟಿ. ಪ್ರತಿ ವಾಕ್ಯವೂ ತನ್ನ ಕೊನೆಯನ್ನು ತಾನೇ ಮುಟ್ಟುತ್ತಿತ್ತು. ಸಂಜೀವಪ್ಪನವರು ಪಫ್ಸ್ ಕೈಯಲ್ಲೇ ಹಿಡಿದು ಅದನ್ನೇ ಕೇಳುತ್ತಾ ಕುಳಿತರು.

ಬಹಳ ಹೊತ್ತಾದ ಮೇಲೆ, "ಜಗುಲಿ ನಿಜವಾಗ್ಲೂ ಬೇಕೇನೋ?" ಎಂದು ತಮ್ಮನನ್ನು ಕೇಳಿದರು.

"ಕಾರ್ ತಗೊಂಡ್ರೆ..." ಎಂದ ಪಾಪಣ್ಣ ಪಫ್ಸಿನ ಚೂರುಗಳನ್ನು ಕೊಡವಿಕೊಳ್ಳುತ್ತಾ.

"ತಗೊಂಡ್ ಬಂದು ನಿಲ್ಸು. ಅದಕ್ಯಾಕೆ ಹನ್ನೆರಡು ವರ್ಷ ಅಳೀತಾ ಕೂತಿದ್ದೆ?"

ಪಾಪಣ್ಣ ಇನ್ನೊಂದು ಪಫ್ಸ್ ತೆಗೆದುಕೊಂಡ. ಬಾವಿ ಪಕ್ಕದ ಕೋಣೆಯ ಬಾಗಿಲಿನ ಕೀಲಿ ಎಲ್ಲಿದೆ ಎಂದು ಮುನಿಗಂಗಮ್ಮ ಕೇಳಿದರು. ಆ ಕೋಣೆಗೆ ಬೀಗವೇ ಇರಲಿಲ್ಲ ಎಂದು ಆಗ ಎಲ್ಲರಿಗೂ ನೆನಪಾಯಿತು.

ಆರು ಗಂಟೆಗೆ ಬಾಗಿಲು ತೆರೆಯಿತು. ನಲವತ್ತೊಂದರಲ್ಲಿ ಮೂವತ್ತೊಂಬತ್ತು ಜನ ಪಾಸು. ಉಳಿದಿಬ್ಬರು ಫೇಲಾದದ್ದು ಶುದ್ಧ ಸ್ವಂತ ಪ್ರತಿಭೆಯಿಂದ; ನೆಟ್ಟಿನ ತಪ್ಪಿರಲಿಲ್ಲ. ಮುಂದಿನ ತಂಡವನ್ನೂ ನೀವೇ ತೆಗೆದುಕೊಳ್ಳಿ ಎಂದು ಸಂಘದವರು ಹೇಳಿದ್ದರು. ಯಶೋದಮ್ಮ ಗಂಡನ ಮುಂದೆ ನಿಂತು, "ಪರವಾಗಿಲ್ವೇ," ಎಂದರು. ಮೂವತ್ತು ವರ್ಷದಲ್ಲಿ ಸಂಜೀವಪ್ಪನವರಿಗೆ ಸಿಕ್ಕ ಅತಿ ದೊಡ್ಡ ಪ್ರಶಸ್ತಿ ಅದು. ಅವರು ಒಳಗೆ ಹೋಗಿ ಲ್ಯಾಬ್ ರೆಕಾರ್ಡಿನಲ್ಲಿ ಅದನ್ನು 'ಫಲಿತಾಂಶ'ದ ಕೆಳಗೆ ಬರೆದರು.

ಸನಾವುಲ್ಲಾ ಸಾಹೇಬರು ಹೊರಡಲು ಎದ್ದವರು ಹಾಗೇ ನಿಂತರು. ಸ್ಥಳಕ್ಕೆ ಬಂದು ವರದಿ ಬರೆಯದೆ ಅವರು ಒಮ್ಮೆಯೂ ಹಿಂತಿರುಗಿದವರಲ್ಲ. ಚೀಲದಿಂದ ಬಿಳಿ ಹಾಳೆ ತೆಗೆದು, ಬಾವಿಕಟ್ಟೆಯ ಮೇಲಿಟ್ಟು, ನಿಧಾನವಾಗಿ ಬರೆದು, ಎಲ್ಲರಿಗೂ ಓದಿ ಹೇಳಿದರು.

"ಈ ದಿನ ಖುದ್ದಾಗಿ ಹಾಜರಿದ್ದು ಸ್ಥಳ ಪರಿಶೀಲನೆ ಮಾಡಲಾಯಿತು. ಪಾರ್ಟಿಶನ್ ಆಗಿರುತ್ತದೆ. ಮನೆ ಇದ್ದ ಹಾಗೇ ಇರುತ್ತದೆ."

ಮೂವರೂ ಒಡಹುಟ್ಟಿದವರು ಅದರ ಕೆಳಗೆ ಸಹಿ ಹಾಕಿದರು.